ಪೆಡಲ್ ತುಳಿದರೆ ಇ-ಸೈಕಲ್ ಚಾರ್ಜ್ ಆಗುವುದೇ? ಸತ್ಯಾಂಶ

‘ಇ-ಸೈಕಲ್‌ಗೆ ಕರೆಂಟೇ ಬೇಡ, ಪೆಡಲ್ ತುಳಿದಂತೆ ಬ್ಯಾಟರಿ ತಾನಾಗಿಯೇ ತುಂಬುತ್ತದೆ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ.

ಸಾಮಾನ್ಯ ಇ-ಸೈಕಲ್‌ನಲ್ಲಿರುವ 36 ವೋಲ್ಟ್, 10 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 360 ವಾಟ್-ಅವರ್ ಶಕ್ತಿ ಹಿಡಿಯುತ್ತದೆ. ಹವ್ಯಾಸಿ ಸವಾರನೊಬ್ಬ ನಿರಂತರವಾಗಿ ಕೊಡಬಲ್ಲದ್ದು ಸುಮಾರು 100 ವಾಟ್. ಅಂದರೆ ಸೈಕಲ್ಲನ್ನು ಒಂದಡಿಯೂ ಮುಂದೆ ಸಾಗಿಸದೆ, ತುಳಿದ ಶಕ್ತಿಯನ್ನೆಲ್ಲ ಬ್ಯಾಟರಿಗೇ ಸುರಿದರೂ ಅದು ತುಂಬಲು ಮೂರೂವರೆ ಗಂಟೆಗೂ ಹೆಚ್ಚು ಬೇಕು. ಅದೇ ಕೆಲಸ ಮನೆಯ ಪ್ಲಗ್‌ನಲ್ಲಿ ಅರ್ಧ ಯೂನಿಟ್‌ನೊಳಗೆ ಮುಗಿಯುತ್ತದೆ.

ಪೆಡಲ್ ಬುಡದಲ್ಲಿ ಕಾಣುವ, ಆಯಸ್ಕಾಂತದ ಚುಕ್ಕಿಗಳಿರುವ ಪುಟ್ಟ ತಟ್ಟೆಯನ್ನು ಹಳೆಯ ಡೈನಮೊ ಎಂದು ಭಾವಿಸಿದರೆ ಆಶ್ಚರ್ಯವಿಲ್ಲ. ಆದರೆ ಅದು ಪೆಡಲ್ ತಿರುಗುತ್ತಿದೆಯೆಂದು ಮೋಟಾರಿಗೆ ತಿಳಿಸುವ ಸೆನ್ಸರ್ ಮಾತ್ರ. ಚಕ್ರದ ನಡುವೆಯೇ ಕೂರುವ ಮೋಟಾರಿಗೆ ಹಬ್ ಮೋಟಾರ್ ಎನ್ನುತ್ತಾರೆ. ಅವುಗಳಲ್ಲಿ ಒಳಗೆ ಗೇರ್ ಇಲ್ಲದವು ಬ್ರೇಕ್ ಹಿಡಿದಾಗ ಸ್ವಲ್ಪ ಶಕ್ತಿಯನ್ನು ಮರಳಿಸಬಲ್ಲವು, ನಿಜ. ಹಗುರವಾದ ಸೈಕಲ್‌ನಲ್ಲಿ ಆ ಪಾಲು ಅತ್ಯಲ್ಪ. ಗೇರ್ ಇರುವ ಹಬ್‌ನಲ್ಲಿ ಸಾಮಾನ್ಯವಾಗಿ ಫ್ರೀವೀಲ್ (ಚಕ್ರ ಮುಂದಕ್ಕೆ ಉರುಳುವಾಗ ಮೋಟಾರನ್ನು ತಿರುಗಿಸದಂತೆ ಬಿಡಿಸುವ ಭಾಗ) ಇರುವುದರಿಂದ ಅದೂ ಸಾಧ್ಯವಿಲ್ಲ. ಅಂಗಡಿಯಲ್ಲಿ ಮೋಟಾರಿರುವ ಚಕ್ರವನ್ನೆತ್ತಿ ಮುಂದಕ್ಕೆ ತಿರುಗಿಸಿ ನೋಡಿ: ಸಲೀಸಾಗಿ ತಿರುಗಿದರೆ ಗೇರ್ ಹಬ್, ತಡೆತಡೆದು ತಿರುಗಿದರೆ ಗೇರ್ ಇಲ್ಲದ್ದು.

ಮೊದಲ ಸೈಕಲ್ ಕೊಳ್ಳುವವರು ಮೋಟಾರಿನ ವಾಟ್‌ಗಿಂತ ಬ್ಯಾಟರಿಯ ವಾಟ್-ಅವರ್ ಕೇಳುವುದು ಒಳಿತು. ಕಿಲೋಮೀಟರಿಗೆ 10ರಿಂದ 15 ವಾಟ್-ಅವರ್ ಎಂದು ಲೆಕ್ಕ ಹಾಕಿದರೆ 360ಕ್ಕೆ 24ರಿಂದ 36 ಕಿಲೋಮೀಟರ್ ಸಿಗುತ್ತದೆ. ಏರುದಾರಿಯಲ್ಲಿ ಇನ್ನೂ ಕಡಿಮೆ.