ಎಂಟರಲ್ಲಿ ಆರು, ಐದರಲ್ಲಿ ಮೂರು

ಕೊಡಗಿನಲ್ಲಿ ಹುಟ್ಟಿ ವರ್ಜೀನಿಯಾದ ನಾರ್ಫೋಕ್ ನೌಕಾನೆಲೆಯ ಸಮೀಪ ನೆಲೆಸಿರುವ ನನಗೆ ಸಮವಸ್ತ್ರದ ಮೇಲಿನ ಜನರ ಗೌರವ ಎರಡೂ ಕಡೆ ಒಂದೇ ತೆರನಾಗಿ ಕಾಣುತ್ತದೆ. ಆದರೆ ಅದನ್ನು ತೊಟ್ಟವರ ಮೇಲೆ ಲೈಂಗಿಕ ಅಪರಾಧದ ಆರೋಪ ಬಂದಾಗ ಎರಡು ದೇಶಗಳು ಹಿಡಿದಿರುವ ದಾರಿ ಬೇರೆ ಬೇರೆ.

ಅಮೆರಿಕದಲ್ಲೂ ಮೊದಲು ಎಲ್ಲವೂ ಕಮಾಂಡರ್ ಕೈಯಲ್ಲೇ ಇತ್ತು. ಇಟಲಿಯಲ್ಲಿರುವ ಅಮೆರಿಕದ ಆವಿಯಾನೋ ವಾಯುನೆಲೆಯ ಪೈಲಟ್ ಒಬ್ಬರಿಗೆ ಲೈಂಗಿಕ ದೌರ್ಜನ್ಯದ ಪ್ರಕರಣದಲ್ಲಿ ಕೋರ್ಟ್ ಮಾರ್ಷಲ್ (ಸೇನಾ ನ್ಯಾಯಾಲಯ) ವಿಧಿಸಿದ್ದ ಒಂದು ವರ್ಷದ ಸೆರೆ ಮತ್ತು ವಜಾ ಶಿಕ್ಷೆಯನ್ನು 2013ರಲ್ಲಿ ಲೆಫ್ಟಿನೆಂಟ್ ಜನರಲ್ ಒಬ್ಬರು ರದ್ದುಮಾಡಿದಾಗ ಎದ್ದ ಆಕ್ರೋಶದಿಂದ, ಇಂಥ ತೀರ್ಪುಗಳನ್ನು ಅಳಿಸಿಹಾಕುವ ಅಧಿಕಾರ ಕಮಾಂಡರ್‌ಗಳ ಕೈಯಿಂದ ಹೋಯಿತು. ಮೊಕದ್ದಮೆ ಹೂಡಬೇಕೇ ಎಂಬ ನಿರ್ಧಾರವೂ 2023ರ ಡಿಸೆಂಬರ್ 28ರಿಂದ ಕಮಾಂಡರ್ ಸರಪಳಿಯ ಹೊರಗಿನ ವಿಶೇಷ ಸೇನಾ ಅಭಿಯೋಜಕರಿಗೆ ಸೇರಿದೆ. ಇದರಿಂದ ದೂರುದಾರರಿಗಷ್ಟೇ ಲಾಭ ಎನ್ನುವವರನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಮೇಲಿನವರ ಮೆಚ್ಚುಗೆಗಾಗಿ ದುರ್ಬಲ ಪ್ರಕರಣವನ್ನೂ ವಿಚಾರಣೆಗೆ ತಳ್ಳುವ ಕಮಾಂಡರ್‌ನಿಂದ ಆರೋಪಿಗೂ ರಕ್ಷಣೆ ಬೇಕು.

ಆರೋಪಿಯ ಪಾಲಿಗೆ ಇಲ್ಲಿ ಬೇರೆ ಆಸರೆಗಳೂ ಇವೆ. ಕೋರ್ಟ್ ಮಾರ್ಷಲ್ ಎದುರಿಸುವವರಿಗೆ, ಅವರ ಆದಾಯ ಎಷ್ಟೇ ಇರಲಿ, ಸೇನಾ ವಕೀಲರು ಉಚಿತವಾಗಿ ಸಿಗುತ್ತಾರೆ. ಸ್ವಂತ ಖರ್ಚಿನಲ್ಲಿ ಹೊರಗಿನವರನ್ನೂ ನೇಮಿಸಿಕೊಳ್ಳಬಹುದು. ಶಂಕಿತನಿಗೆ ಮೌನವಾಗಿರುವ ಹಕ್ಕನ್ನು ತಿಳಿಸಿಯೇ ಪ್ರಶ್ನಿಸಬೇಕೆಂಬ ನಿಯಮ 1950ರ ಸೇನಾ ಸಂಹಿತೆಯಲ್ಲೇ ಬಂದಿತ್ತು. ಪೊಲೀಸರಿಗೆ ಅಂಥದ್ದು ಕಡ್ಡಾಯವಾದದ್ದು 1966ರಲ್ಲಿ. ಇಷ್ಟೆಲ್ಲ ಇದ್ದರೂ ಮತದ ಲೆಕ್ಕ ನನಗೆ ಸರಿಕಾಣುವುದಿಲ್ಲ. ನಾಗರಿಕ ನ್ಯಾಯಾಲಯದಲ್ಲಿ ಜ್ಯೂರಿಯ ಸರ್ವಾನುಮತ ಬೇಕು, ಸೇನೆಯಲ್ಲಿ ಎಂಟು ಸದಸ್ಯರಲ್ಲಿ ಆರು ಮಂದಿ ಸಾಕು, ಮತ್ತು ಆ ಆರು ಮತಗಳು ಅತ್ಯಾಚಾರದ ಆರೋಪದಲ್ಲಿ ಜೀವಾವಧಿ ಸೆರೆಯವರೆಗೂ ಒಯ್ಯಬಲ್ಲವು. ಅವಮಾನಕರ ವಜಾ ಅಂತೂ ಕಡ್ಡಾಯ. ಬಿಡುಗಡೆಯ ನಂತರ ಲೈಂಗಿಕ ಅಪರಾಧಿಗಳ ಸಾರ್ವಜನಿಕ ಪಟ್ಟಿಯಲ್ಲಿ ಹೆಸರು.

ಭಾರತದ 1950ರ ಸೇನಾ ಕಾಯ್ದೆಯಲ್ಲಿ ಈ ಲೆಕ್ಕ ಇನ್ನೂ ಸಡಿಲ: ಜನರಲ್ ಕೋರ್ಟ್ ಮಾರ್ಷಲ್‌ಗೆ ಐವರು ಅಧಿಕಾರಿಗಳಿದ್ದರೆ ಸಾಕು, ಮೂವರ ಮತದಿಂದ ಅಪರಾಧ ಸಾಬೀತಾಗುತ್ತದೆ. ಸಾಮಾನ್ಯ ಸ್ಥಿತಿಯಲ್ಲಿ ನಾಗರಿಕ ಮಹಿಳೆಯ ಮೇಲಿನ ಅತ್ಯಾಚಾರದ ಪ್ರಕರಣ ಸಾಮಾನ್ಯ ನ್ಯಾಯಾಲಯಕ್ಕೇ ಹೋಗಬೇಕು, ಆದರೆ ಸಕ್ರಿಯ ಸೇವೆ (ಯುದ್ಧ ಅಥವಾ ಸೇನಾ ಕಾರ್ಯಾಚರಣೆಯ ನಿಯೋಜನೆ), ವಿದೇಶ, ಗಡಿಠಾಣೆ ಎಂಬ ಮೂರು ವಿನಾಯಿತಿಗಳಿವೆ. ಇದನ್ನು ಬದಲಿಸಬೇಕೆಂದು ದೆಹಲಿಯ 2012ರ ಸಾಮೂಹಿಕ ಅತ್ಯಾಚಾರದ ನಂತರ ರಚಿತವಾದ ನ್ಯಾಯಮೂರ್ತಿ ವರ್ಮಾ ಸಮಿತಿ 2013ರಲ್ಲೇ ಹೇಳಿತ್ತು. ವಿಚಾರಣೆಗೆ ಆದೇಶಿಸುವವರೂ, ತೀರ್ಪನ್ನು ದೃಢೀಕರಿಸುವವರೂ ಇಂದಿಗೂ ಸೇನಾಧಿಕಾರಿಗಳೇ. ದೃಢೀಕರಣವಿಲ್ಲದೆ ತೀರ್ಪಿಗೆ ಬೆಲೆಯಿಲ್ಲ. ಆವಿಯಾನೋದಲ್ಲಿ ಜನರ ಕೋಪಕ್ಕೆ ಗುರಿಯಾದ ಅಧಿಕಾರ ಅದೇ ಅಲ್ಲವೇ?