ಕೂರ್ಗ್ ದುಬೈ ಚಾಕೊಲೇಟ್

ಮಡಿಕೇರಿ ಪೇಟೆಯ ಹೋಮ್‌ಮೇಡ್ ಚಾಕೊಲೇಟ್ ಅಂಗಡಿಗಳ ಬೋರ್ಡಿಗೆ ಈಗ ಹೊಸದೊಂದು ಸಾಲು ಸೇರಿಕೊಂಡಿದೆ: ‘ಕೂರ್ಗ್ ದುಬೈ ಚಾಕೊಲೇಟ್ ದೊರೆಯುತ್ತದೆ’. ಒಂದು ಬಾರ್‌ಗೆ ಎರಡೆರಡು ಊರು! ದುಬೈ ಚಾಕೊಲೇಟ್ ಅಂದರೆ ಒಳಗೆ ಪಿಸ್ತಾ ಪೇಸ್ಟ್, ಹುರಿದ ಕಡಾಯಿಫ್ ಎಂಬ ಹಿಟ್ಟಿನ ಎಳೆ ತುಂಬಿದ ಮಿಲ್ಕ್ ಚಾಕೊಲೇಟ್ ಬಾರ್. ಕೊಕ್ಕೊ ಬೆಳೆಯುವುದು ಘಟ್ಟ ಇಳಿದ ಮೇಲೆ, ಅಡಿಕೆ ಮರಗಳ ನಡುವೆ. ಅದಕ್ಕೆಂದೇ ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ 1986ರಲ್ಲಿ ಪುತ್ತೂರಿನಲ್ಲಿ ಕಾರ್ಖಾನೆ ಹಾಕಿತು. ಪಿಸ್ತಾ ಇರಾನಿನದ್ದೋ ಅಮೆರಿಕದ್ದೋ. ಒಳಗಿನ ಕಡಾಯಿಫ್ ಎಳೆ ತುರ್ಕಿ ಕಡೆಯದ್ದು. ಇಷ್ಟರಲ್ಲಿ ಕೊಡಗಿನದ್ದೆಂದು ಏನಾದರೂ ಇದ್ದರೆ, ಮಳೆಗಾಲದಲ್ಲಿ ಅದರೊಳಗೆ ನುಸುಳುವ ತೇವ ಒಂದೇ.

ಇಂಥ ಟ್ರೆಂಡುಗಳಿಂದ ಬ್ರ್ಯಾಂಡುಗಳು ಕಲಿಯಬೇಕಾದ ದೊಡ್ಡ ಪಾಠವೇನು ಅಂತ ಹೇಳುವುದು ಈ ಬರಹದ ಉದ್ದೇಶ. ಹೇಳೋಣ. ಅದಕ್ಕೆ ಮೊದಲು ಆ ತೇವದ ವಿಚಾರ ಮುಗಿಸಬೇಕು.

ಕಡಾಯಿಫ್ ಅಂದರೆ ಕೂದಲೆಳೆಯಷ್ಟು ಸಣ್ಣ ಹಿಟ್ಟಿನ ಎಳೆ. ಅರ್ಧ ಇಂಚಿಗೆ ಕತ್ತರಿಸಿ, ಬೆಣ್ಣೆ ಹಾಕಿ, ಸಣ್ಣ ಉರಿಯಲ್ಲಿ ಕೈಬಿಡದೆ ಕೆದಕುತ್ತಾ ಹತ್ತು ಹನ್ನೆರಡು ನಿಮಿಷ ಹುರಿಯಬೇಕು. ಹೊಂಬಣ್ಣ ಬಂದಾಗಲೂ ನಡುವಿನ ಎಳೆಗಳು ಬೆಳ್ಳಗೇ ಇರುತ್ತವೆ. ಅಲ್ಲಿಗೇ ಇಳಿಸಿದರೆ ಕೆಲಸ ಕೆಟ್ಟಿತು. 200 ಗ್ರಾಂ ಬಾರ್‌ಗೆ ಇಂಥದ್ದು ಸುಮಾರು 40 ಗ್ರಾಂ, ಪಿಸ್ತಾ ಪೇಸ್ಟ್ 50 ಗ್ರಾಂ, ಎಳ್ಳಿನ ತಹಿನಿ ಒಂದು ಚಮಚ ಸಾಕು. ಹುರಿದದ್ದು ಪೂರ್ತಿ ಆರಿದ ಮೇಲೇ ಪೇಸ್ಟಿಗೆ ಬೆರೆಸಬೇಕು. ಬಿಸಿಯಲ್ಲೇ ಬೆರೆಸಿದರೆ ಹಬೆ ಒಳಗೇ ಉಳಿದು ಎಳೆ ಮೆತ್ತಗಾಗುತ್ತದೆ. ಜುಲೈ ತಿಂಗಳ ಮಡಿಕೇರಿಯಲ್ಲಂತೂ ಹುರಿದದ್ದನ್ನು ತಟ್ಟೆಯಲ್ಲಿ ಹರಡಿ, ಬಾಗಿಲು ತೆರೆದಿಟ್ಟು, ಒಂದು ಫೋನ್ ಮಾತಾಡಿ ಬರುವಷ್ಟರಲ್ಲಿ ಅದರ ಕರುಕುರು ಹೋಗಿರುತ್ತದೆ. ಗಾಳಿಯಾಡದ ಡಬ್ಬಿಯಲ್ಲೇ ಆರಬೇಕಾದ ಕಾಲ ಅದು, ಆದರೆ ಡಬ್ಬಿಯಲ್ಲಿ ಬಿಸಿ ಇಟ್ಟರೆ ಬೆವರುತ್ತದೆ! ಹಾಗಾಗಿ ತಿಳಿದವರು ಒಣ ಹವೆಯ ಎಸಿ ಕೋಣೆಯಲ್ಲಿ ಕೆಲಸ ಮಾಡುತ್ತಾರೆ. ತಿಳಿಯದವರು ಮಾಡಿದ ಬಾರನ್ನು ಮಾಮೂಲಿ ಫ್ರಿಜ್ಜಿಗೆ ತಳ್ಳುತ್ತಾರೆ. ಅಲ್ಲಿಂದ ಹೊರಗೆ ತೆಗೆದ ಕೂಡಲೇ ಮೈಮೇಲೆ ನೀರು ಕೂತು, ಸಕ್ಕರೆ ಕರಗಿ, ಮತ್ತೆ ಆರಿದಾಗ ಬಿಳಿ ಕಲೆ ಮೂಡುತ್ತದೆ. ಗಿರಾಕಿ ಅದನ್ನು ಬೂಷ್ಟು ಅಂದುಕೊಳ್ಳುತ್ತಾನೆ. ಅಂಗಡಿಯವರು ‘ಏನೂ ಆಗಲ್ಲ ಸಾರ್, ಹಾಲಿನಂಶ’ ಅನ್ನುತ್ತಾರೆ. ಇಬ್ಬರು ಹೇಳುವುದೂ ತಪ್ಪು.

ಕೆಲವು ಕಡೆ ಕಡಾಯಿಫ್ ಬದಲು ಶ್ಯಾವಿಗೆ ಬರುತ್ತದೆ. ನೂಪುಟ್ಟಿನ (ಕೊಡಗಿನ ಒತ್ತುಶ್ಯಾವಿಗೆಯ) ನಾಡಿನಲ್ಲಿ ಎಳೆಗೆ ಬಡತನವೇ ಅಂತ ಒಪ್ಪಿಬಿಡಬಹುದು. ಆದರೆ ಕಡಾಯಿಫ್ ಎಳೆ ಕಾವಲಿಯ ಮೇಲೆ ಒಮ್ಮೆ ಬೆಂದೇ ಬಂದಿರುತ್ತದೆ. ಶ್ಯಾವಿಗೆ ಒಣಗಿಸಿದ ಹಸಿ ಹಿಟ್ಟು. ಎಷ್ಟು ಹುರಿದರೂ ಕೆಂಪಗಾಗುತ್ತದೆಯೇ ಹೊರತು ಹಗುರಾಗುವುದಿಲ್ಲ, ಹಲ್ಲಿಗೆ ಕಟ್ ಅಂತ ಸಿಗುತ್ತದೆ. ಎಣ್ಣೆಯಲ್ಲಿ ಕರಿದರೆ ಪರವಾಗಿಲ್ಲ. ಇನ್ನು ಪಿಸ್ತಾ ಜಾಗಕ್ಕೆ ನೆಲಗಡಲೆ, ಹಸಿರು ಬಣ್ಣ, ನಾಲ್ಕು ಹನಿ ಎಸೆನ್ಸ್ ಹಾಕುವವರ ವಿಷಯ. ಪಿಸ್ತಾ ಪೇಸ್ಟಿನ ಬಣ್ಣ ಮಂಕು, ಪಾಚಿ ಹಸಿರು. ಗಿಳಿ ಹಸಿರು ಕಂಡರೆ ದುಡ್ಡು ವಾಪಸು ಜೇಬಿಗಿಳಿಸಿ ಹೊರಡಬಹುದು. ನೆಲಗಡಲೆ ಅಲರ್ಜಿ ಇರುವ ಮಗುವಿನ ಕೈಗೆ ಇದು ಹೋದರೆ ಏನಾಗುತ್ತದೆ ಅನ್ನುವುದು ತಮಾಷೆಯಲ್ಲ, ಲೇಬಲ್ಲಿನಲ್ಲಿ ಅದನ್ನು ಬರೆಯದವರ ಜೊತೆ ನಗುತ್ತಾ ಮಾತಾಡಲು ಮನಸ್ಸೂ ಬರುವುದಿಲ್ಲ.

ಹೊರಕವಚದ್ದು ಇನ್ನೊಂದು ವ್ಯಥೆ. ನಿಜವಾದ ಮಿಲ್ಕ್ ಚಾಕೊಲೇಟನ್ನು 45 ಡಿಗ್ರಿಗೆ ಕರಗಿಸಿ, 27ರ ಹತ್ತಿರಕ್ಕೆ ಇಳಿಸಿ, ಮತ್ತೆ 29–30ಕ್ಕೆ ಏರಿಸಿ ಟೆಂಪರ್ ಮಾಡಬೇಕು. ಆಗಲೇ ಹೊಳಪು, ಆಗಲೇ ಮುರಿದರೆ ಟಕ್ ಅನ್ನುವ ಸದ್ದು. ಈ ಕೆಲಸಕ್ಕೆ ಡಿಸೆಂಬರಿನ ಮಡಿಕೇರಿ ಕೋಣೆಗಿಂತ ಒಳ್ಳೆಯ ಜಾಗ ಬೇಡ, ತಂಪು ಪುಕ್ಕಟೆ. ಆದರೆ ಹೆಚ್ಚಿನ ಹೋಮ್‌ಮೇಡ್‌ಗೆ ಬಳಸುವುದು ಕಾಂಪೌಂಡ್, ಅಂದರೆ ಕೊಕ್ಕೊ ಬೆಣ್ಣೆಯ ಬದಲು ವನಸ್ಪತಿ ಕೊಬ್ಬು. ಅದಕ್ಕೆ ಟೆಂಪರಿಂಗೇ ಬೇಡ. ದೇವರು ಕೊಟ್ಟ ಒಂದೇ ಒಂದು ಅನುಕೂಲವನ್ನು ಹೀಗೆ ಗಾಳಿಗೆ ಬಿಟ್ಟು, ದುಬೈಯ ಸೆಕೆಯಲ್ಲಿ ಹುಟ್ಟಿದ ತಿಂಡಿಯನ್ನು ಮಂಜಿನಲ್ಲಿ ಕೂತು ಕೆಡಿಸುತ್ತಿದ್ದೇವೆ.

ಆ ತಿಂಡಿ ಗೆದ್ದದ್ದಾದರೂ ಸದ್ದಿನಿಂದಲೇ. ಫಿಕ್ಸ್ ಎಂಬ ದುಬೈಯ ಕಂಪನಿ 2021ರಲ್ಲಿ ಶುರುವಾಯಿತು. 2023ರ ಡಿಸೆಂಬರಿನಲ್ಲಿ ಒಬ್ಬಾಕೆ ಕಾರಿನಲ್ಲಿ ಕೂತು ಅದರ ಬಾರನ್ನು ಕಚ್ಚಿದ ಟಿಕ್‌ಟಾಕ್ ವಿಡಿಯೊ ಜಗತ್ತನ್ನು ಸುತ್ತಿತು. ಟಿಕ್‌ಟಾಕ್ ನಮ್ಮಲ್ಲಿ 2020ರಿಂದಲೇ ಬಂದ್. ಆದರೂ ಆಸೆ ರೀಲ್ಸ್ ಹತ್ತಿ ಕುಶಾಲನಗರ ದಾಟಿ ಬಂತು. ದುಬೈಯಲ್ಲಿ ಅದು ಡೆಲಿವರಿ ಆ್ಯಪ್‌ನಲ್ಲಿ, ನಿಗದಿತ ಹೊತ್ತಿಗೆ ಮಾತ್ರ ಸಿಗುತ್ತಿತ್ತು. ಇಲ್ಲಿ ಗೋಪುರ ಕಟ್ಟಿ ಪೇರಿಸಿಟ್ಟು, ಮೇಲೊಂದು ‘ಲಿಮಿಟೆಡ್ ಸ್ಟಾಕ್’ ಚೀಟಿ. ದುಬೈಯಲ್ಲಿ ಮಾಡದ್ದಕ್ಕೆ ದುಬೈ ಹೆಸರಿಡಬಹುದೇ ಎಂಬ ವ್ಯಾಜ್ಯ 2025ರಲ್ಲಿ ಜರ್ಮನಿಯ ಕಲೋನ್ ಕೋರ್ಟಿನವರೆಗೆ ಹೋಯಿತು. ಕೂರ್ಗ್ ಅರೇಬಿಕಾ ಕಾಫಿಗೆ 2019ರಲ್ಲಿ ಜಿಐ (ಊರಿನ ಹೆಸರನ್ನು ಕಾಯುವ ಭೌಗೋಳಿಕ ಗುರುತು) ಸಿಕ್ಕ ಜಿಲ್ಲೆಯವರಿಗೆ ಇದರ ಬಿಸಿ ಗೊತ್ತಿರಬೇಕಿತ್ತು.

ಸದ್ದೇ ಬೇಕೆಂದರೆ ಕಾಫಿ ಬೀಜಕ್ಕೆ ಏನು ಕಡಿಮೆ? ಹುರಿಯುವಾಗ 200 ಡಿಗ್ರಿಯ ಆಸುಪಾಸಿಗೆ ಬಂದರೆ ಚಟಪಟ ಸಿಡಿಯುತ್ತದೆ. ಫೋನನ್ನು ನೆಟ್ಟಗೆ ಹಿಡಿದು ಹದಿನೈದು ಸೆಕೆಂಡು ತೆಗೆದರೆ ಆಯಿತು. ಬೆಲೆಯನ್ನು ಫ್ರೇಮಿನ ಕೆಳತುದಿಯಲ್ಲಿ ಬರೆಯಬಾರದು, ಖಾತೆಯ ಹೆಸರು, ಕ್ಯಾಪ್ಷನ್ ಎಲ್ಲ ಅಲ್ಲೇ ಕೂರುತ್ತವೆ. ಸಿನಿಮಾ ಹಾಡಂತೂ ಬೇಡ. ಬಿಸಿನೆಸ್ ಖಾತೆಗೆ ಹೆಚ್ಚಿನ ಹಾಡುಗಳ ಪರವಾನಗಿ ಇರುವುದಿಲ್ಲ. ರೀಲ್ ಓಡುತ್ತಿರುವಾಗಲೇ ಸದ್ದು ಮಾಯವಾಗಬಹುದು. ಬೀಜ ಸಿಡಿಯುವುದಕ್ಕೆ ಯಾರ ಪರವಾನಗಿಯೂ ಬೇಡ.

ಕಾಫಿಪುಡಿ ಅಂಗಡಿಗಳಿಗೆ ಹೇಳಿ ಮಾಡಿಸಿದಂಥ ಟ್ರೆಂಡ್ ಇದ್ದದ್ದು ಒಂದೇ: ‘ಈ ಸಲ ಕಪ್ ನಮ್ದೇ’. ಬೋರ್ಡಿನಲ್ಲಿ ಒಂದು ಕಪ್ಪಿನ ಚಿತ್ರ ಬರೆದರೆ ಮುಗಿಯಿತು. ಆರ್‌ಸಿಬಿ ಸೋಲುತ್ತಿದ್ದಷ್ಟು ಕಾಲ ವರ್ಷವರ್ಷವೂ ತಾನಾಗಿ ಚಿಗುರುತ್ತಿತ್ತು. 2025ರ ಜೂನ್ 3ರಂದು ಗೆದ್ದುಬಿಟ್ಟರು, ಬೋರ್ಡು ಹಳೆಯದಾಯಿತು. ಮಾರನೇ ದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಆಫರ್ ಪೋಸ್ಟುಗಳನ್ನು ಮುಂಚೆಯೇ ಶೆಡ್ಯೂಲ್ ಮಾಡಿ ಮಲಗುವವರು ಈ ಎರಡು ದಿನಾಂಕಗಳನ್ನು ಬರೆದಿಟ್ಟುಕೊಳ್ಳಬಹುದು.

ದೊಡ್ಡ ಪಾಠ ಹೇಳುವುದು ಬಾಕಿಯಿದೆ, ಆದರೆ ಅಷ್ಟರಲ್ಲಿ ಕಾಫಿ ತೋಟಗಳ ನಡುವಿನ ಕೆಫೆಗಳಲ್ಲಿ ಮಾಚಾ ಲಾಟೆ, ಅಂದರೆ ಜಪಾನಿನ ಹಸಿರು ಚಹಾಪುಡಿ ಬೆರೆಸಿದ ಹಾಲು, ಬಂದು ಕೂತಿದೆ. ಎರಡು ಗ್ರಾಂ ಪುಡಿಯನ್ನು ಜರಡಿ ಹಿಡಿದು, 75–80 ಡಿಗ್ರಿಯ ನೀರಿನಲ್ಲಿ ನೊರೆ ಬರುವ ಹಾಗೆ ಕಡೆದು, ಆಮೇಲೆ ಹಾಲು ಸೇರಿಸಬೇಕು. ಇಲ್ಲಿ ಬೆಲ್ಲದ ಕಾಫಿಯ ಕೈಗಳು ಅದನ್ನು ಸೀದಾ ಕುದಿಯುವ ಹಾಲಿಗೆ ಸುರಿಯುತ್ತವೆ. ಕಹಿಯಾಗುತ್ತದೆ, ಸಕ್ಕರೆ ಬೀಳುತ್ತದೆ, ಬಿಲ್ಲು ಕಾಫಿಯ ಎಷ್ಟೋ ಪಟ್ಟು. ಜಪಾನಿನಲ್ಲೇ ಮಾಚಾಗೆ ಅಭಾವ, ಅಲ್ಲಿನ ಹೆಸರಾಂತ ಅಂಗಡಿಗಳು ಒಬ್ಬರಿಗೆ ಇಷ್ಟೇ ಡಬ್ಬಿ ಅಂತ ಮಿತಿ ಹಾಕಿವೆ. ಇಲ್ಲಿ ಅಂಥ ಚಿಂತೆಯಿಲ್ಲ. ನುಗ್ಗೆಸೊಪ್ಪಿನ ಪುಡಿಯ ಬಣ್ಣ ಹೆಚ್ಚುಕಡಿಮೆ ಅದೇ.