ನದಿಯ ಬಾತುಗಳಿಗೆ ನಮ್ಮ ಪಾವು ಬೇಡ

ಚಳಿಗಾಲ ಬಂತೆಂದರೆ ಪುಣೆಯ ಅರ್ಧ ಊರು ಕ್ಯಾಮೆರಾ ಹೆಗಲಿಗೇರಿಸಿಕೊಂಡು ಕವಡಿ ಪಾಟ್‌ಗೆ ಹೊರಡುತ್ತದೆ. ಸೊಲ್ಲಾಪುರ ರಸ್ತೆಯಲ್ಲಿ ಹಡಪ್ಸರ ದಾಟಿ, ಲೋಣಿ ಕಾಳಭೋರ್ ಸಿಗುವುದಕ್ಕೆ ಮೊದಲೇ ಎಡಕ್ಕೆ ಇಳಿದರೆ ಮುಳಾ-ಮುಠಾ ನದಿಗೆ ಕಟ್ಟಿದ ಹಳೆಯ ಒಡ್ಡು ಇದೆ. ಅಲ್ಲಿ ನೀರು ಅಗಲವಾಗಿ, ತೆಳ್ಳಗೆ ಹರಡಿಕೊಂಡು ಹರಿಯುತ್ತದೆ. ಹಕ್ಕಿಗಳು ಬರುವುದೂ ಅದಕ್ಕೇ. ಹೋಗುವುದು ತಪ್ಪಲ್ಲ, ಎಲ್ಲರೂ ಹೋಗಬೇಕು. ಆದರೆ ಇತ್ತೀಚೆಗೆ ನಮ್ಮ ಕನ್ನಡ ಬಳಗದವರೂ ಸೇರಿದಂತೆ ಹೋದವರೆಲ್ಲ ಕೈಯಲ್ಲಿ ಪಾವಿನ, ಅಂದರೆ ಬ್ರೆಡ್ಡಿನ, ಪೊಟ್ಟಣ, ಕುರುಕಲು ಫರಸಾಣದ ಚೀಲ ಹಿಡಿದು ಹೋಗುತ್ತಿದ್ದಾರಲ್ಲ, ಅದರ ಬಗ್ಗೆ ನನಗೆ ತಕರಾರಿದೆ.

ಇರುವೆಗೆ ಸಕ್ಕರೆ, ಕಾಗೆಗೆ ಅನ್ನ, ಹಸುವಿಗೆ ಅಕ್ಕಿ ಬೆಲ್ಲ ಇಟ್ಟು ಬೆಳೆದವರು ನಾವು. ಪ್ರಾಣಿ ಪಕ್ಷಿ ಕಂಡಾಗ ಏನಾದರೂ ಹಾಕದಿದ್ದರೆ ಕೈ ಸುಮ್ಮನಿರುವುದಿಲ್ಲ. ಆದರೆ ಕವಡಿಯಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿ: ನೀವು ಎಸೆದ ಪಾವಿನ ಹತ್ತಿರ ಕಾಡು ಬಾತುಗಳು ಸುಳಿಯುವುದೇ ಇಲ್ಲ. ತಿನ್ನುವುದು ಕಾಗೆ, ಹದ್ದು ಮತ್ತು ನಾಯಿಗಳು. ಉಳಿದದ್ದು ನೀರಿನಲ್ಲಿ ಉಬ್ಬಿ ಕೊಳೆಯುತ್ತದೆ. ನಾಯಿಗಳಿಗೆ ಜಾಗ ಗೊತ್ತಾದ ಮೇಲೆ ಅವು ಅಲ್ಲೇ ಬೀಡು ಬಿಡುತ್ತವೆ. ಪ್ರವಾಸಿಗರು ಬಾರದ ಮಳೆಗಾಲದಲ್ಲಿಯೂ ಅವುಗಳಿಗೆ ಹಸಿವಿರುತ್ತದೆ, ದಡದ ಹುಲ್ಲಿನಲ್ಲಿ ಗೂಡುಗಳೂ ಇರುತ್ತವೆ. ಚಳಿಗಾಲದಲ್ಲಿ ನಾವು ಮಾಡಿದ ದಾನಕ್ಕೆ ಬೆಲೆ ತೆರುವುದು ಶ್ರಾವಣದ ಮರಿಗಳು.

ಇದನ್ನೇ ನಮ್ಮ ಸೊಸೈಟಿಯ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರೆದಾಗ ಹಿರಿಯರಾದ ಕಾಕಾ ಒಬ್ಬರು ಥೇಮ್ಸ್ ನದಿಯ ಹಂಸಗಳ ವಿಡಿಯೊ ಹಾಕಿದರು. "ನೋಡಿ, ಅಲ್ಲಿ ಎಲ್ಲರೂ ಬ್ರೆಡ್ ಹಾಕುತ್ತಾರೆ, ಹಂಸಗಳು ಎಷ್ಟು ದಷ್ಟಪುಷ್ಟವಾಗಿವೆ!" ಎಂದರು. ಕಾಕಾ, ನಿಮ್ಮ ಮೇಲಿನ ಗೌರವಕ್ಕೆ ಕುಂದಿಲ್ಲದಂತೆ ಅಲ್ಲಿಯ ಕಥೆಯನ್ನು ಪೂರ್ತಿ ಹೇಳುತ್ತೇನೆ. ಎಪ್ಪತ್ತು, ಎಂಬತ್ತರ ದಶಕದಲ್ಲಿ ಥೇಮ್ಸ್‌ನ ಹಂಸಗಳು ಸಾಲುಸಾಲಾಗಿ ಸತ್ತವು. ಅವುಗಳಿಗೆ ಬ್ರೆಡ್ಡಿನ ಬರವಿರಲಿಲ್ಲ. ಹಂಸಕ್ಕೆ ಹಲ್ಲಿಲ್ಲ, ತಿಂದದ್ದನ್ನು ಅರೆಯಲು ಅದು ನದಿಯ ತಳದಿಂದ ಸಣ್ಣ ಹರಳುಗಳನ್ನು ನುಂಗುತ್ತದೆ. ಗಾಳದವರು ಬಿಟ್ಟುಹೋದ ಸೀಸದ ಗುಂಡುಗಳೂ ಹರಳಿನಂತೆಯೇ ಕಾಣುತ್ತವೆ. ಅವು ಹೊಟ್ಟೆಗೆ ಹೋದರೆ ಸೀಸ ರಕ್ತಕ್ಕೆ ಇಳಿದು ಕತ್ತಿನ ಸ್ನಾಯುಗಳು ಸೋಲುತ್ತವೆ, ಹಕ್ಕಿ ತಲೆ ಎತ್ತಲಾರದೆ ಸಾಯುತ್ತದೆ. 1987ರಲ್ಲಿ ಬ್ರಿಟನ್ ಗಾಳಕ್ಕೆ ಕಟ್ಟುವ ಸಣ್ಣ ಸೀಸದ ಗುಂಡುಗಳ ಮಾರಾಟವನ್ನು ನಿಷೇಧಿಸಿದ ಮೇಲೆ ಹಂಸಗಳ ಸಂಖ್ಯೆ ಮತ್ತೆ ಏರಿತು.

ಅಲ್ಲಿ ಇನ್ನೊಂದು ಪದ್ಧತಿಯಿದೆ, ಅದು ನನಗೆ ಬಲು ಇಷ್ಟ. ಪ್ರತಿ ಜುಲೈಯಲ್ಲಿ ಕೆಂಪು ಅಂಗಿಯ ಅಧಿಕಾರಿಗಳು ದೋಣಿಗಳಲ್ಲಿ ಥೇಮ್ಸ್ ಮೇಲೆ ಹೊರಟು ಹಂಸದ ಮರಿಗಳನ್ನು ಹಿಡಿದು ತೂಗುತ್ತಾರೆ, ಕಾಲಿಗೆ ಉಂಗುರ ತೊಡಿಸುತ್ತಾರೆ, ಗಾಳದ ದಾರ ಸುತ್ತಿಕೊಂಡಿದೆಯೇ ಎಂದು ನೋಡಿ ಬಿಟ್ಟುಬಿಡುತ್ತಾರೆ. ರಾಜಮನೆತನದವರು ಹಂಸವನ್ನು ಔತಣಕ್ಕೆ ಬಡಿಸುತ್ತಿದ್ದ ಕಾಲದಲ್ಲಿ ಯಾರ ಹಕ್ಕಿ ಯಾರದೆಂದು ಗುರುತು ಹಾಕಲು ಹುಟ್ಟಿದ ಈ ಪದ್ಧತಿ ಇಂದು ಆರೋಗ್ಯ ತಪಾಸಣೆಯಾಗಿ ಉಳಿದಿದೆ. ಇಷ್ಟೆಲ್ಲ ಮುತುವರ್ಜಿಯಲ್ಲಿ ಬ್ರೆಡ್ಡಿಗೆ ಎಲ್ಲಿಯೂ ಪಾತ್ರವಿಲ್ಲ.

ನಮ್ಮ ನದಿಗೆ ಹಂಸ ಬರುವುದಿಲ್ಲ, ಕ್ಯಾಲೆಂಡರಿನ ಸರಸ್ವತಿಯ ಪಕ್ಕದಲ್ಲಿ ಅದು ಎಷ್ಟೇ ಚೆಂದ ಕೂತಿರಲಿ. ನಮಗೆ ಬರುವುದು ಚಕ್ರವಾಕ. ಕಾವ್ಯದಲ್ಲಿ ರಾತ್ರಿಯಿಡೀ ಸಂಗಾತಿಯಿಂದ ಅಗಲಿ ಗೋಳಾಡುವ ಅದೇ ಚಕ್ರವಾಕ, ಇಲ್ಲಿ ಜೋಡಿಜೋಡಿಯಾಗಿ ಒಡ್ಡಿನ ಕೆಳಗಿನ ಕಲ್ಲುಗಳ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತದೆ. ಮೈ ಕಿತ್ತಳೆ, ತಲೆ ಮಾತ್ರ ಮಾಸಲು ಬಿಳಿ. ಭೀಮೆಯ ಕೆಳಗೆ ಭಿಗವಣದ ಹಿನ್ನೀರಿಗೆ ಹೋದರೆ ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳೂ ಸಿಗುತ್ತವೆ, ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಜಾತಿಯವೇ.

ಆದರೆ ಕವಡಿಯಲ್ಲಿ ಕಣ್ಣು ತುಂಬ ನೋಡಬೇಕಾದ ಹಕ್ಕಿ ಶೊವೆಲರ್ ಎಂಬ ಬಾತು. ಗಂಡಿನ ತಲೆ ಕಡು ಹಸಿರು, ಎದೆ ಬಿಳಿ, ಪಕ್ಕೆ ಕಂದು. ಕೊಕ್ಕು ಮಾತ್ರ ಮುಖಕ್ಕೆ ಹೊಂದದಷ್ಟು ದೊಡ್ಡದು, ತುದಿಯಲ್ಲಿ ಅಗಲ. ಕೊಕ್ಕಿನ ಅಂಚಿಗೆ ಬಾಚಣಿಗೆಯ ಹಲ್ಲಿನಂತಹ ಸಣ್ಣ ಎಳೆಗಳಿವೆ. ಹತ್ತಿಪ್ಪತ್ತು ಹಕ್ಕಿಗಳು ಒಂದರ ಬಾಲಕ್ಕೊಂದು ಅಂಟಿಕೊಂಡು ಗಾಣ ಸುತ್ತಿದ ಹಾಗೆ ಒಂದೇ ಕಡೆ ಸುತ್ತುತ್ತವೆ. ಆ ಸುತ್ತಾಟಕ್ಕೆ ತಳದ ಕೆಸರು ಕಲಕಿ ಮೇಲೆದ್ದ ಸೂಕ್ಷ್ಮ ಜೀವಿಗಳನ್ನು, ಬೀಜಗಳನ್ನು ಮುಂದಿನ ಹಕ್ಕಿಯ ಕಾಲಡಿಯಿಂದಲೇ ಹಿಂದಿನದು ಸೋಸಿ ತಿನ್ನುತ್ತದೆ. ಸುತ್ತಲೂ ಬಿಳಿ ನೊರೆ ತೇಲುತ್ತಿರುತ್ತದೆ. ಅದು ನಮ್ಮ ಬಚ್ಚಲು, ವಾಷಿಂಗ್ ಮೆಷಿನ್‌ಗಳ ಕಾಣಿಕೆ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. "ಇಷ್ಟು ಹಕ್ಕಿ ಬರುತ್ತವೆ ಎಂದರೆ ನದಿ ಚೆನ್ನಾಗಿಯೇ ಇದೆ ಎಂದಲ್ಲವೇ?" ಎಂದು ಕೇಳುವವರಿದ್ದಾರೆ. ಅಲ್ಲ. ಚರಂಡಿ ನೀರಿನಲ್ಲಿ ಗೊಬ್ಬರದ ಅಂಶ ಹೆಚ್ಚು, ಅದರಲ್ಲಿ ಪಾಚಿಯೂ ಸೂಕ್ಷ್ಮ ಜೀವಿಗಳೂ ಉಕ್ಕುತ್ತವೆ, ಅವುಗಳನ್ನೇ ತಿನ್ನುವ ಶೊವೆಲರ್‌ಗೆ ಹಬ್ಬ. ಮೀನಿನ ಮೇಲೆ, ತಿಳಿನೀರಿನ ಮೇಲೆ ಬದುಕುವ ಹಕ್ಕಿಗಳಿಗೆ ಅದೇ ನೀರು ಆಗಿಬರುವುದಿಲ್ಲ. ಯಾವ ಹಕ್ಕಿ ಹೆಚ್ಚಾಗಿದೆ, ಯಾವುದು ಕಾಣೆಯಾಗಿದೆ ಎಂದು ಜೊತೆಯಲ್ಲಿಟ್ಟು ನೋಡದೆ, ತಲೆ ಎಣಿಸಿ ನದಿಗೆ ಆರೋಗ್ಯದ ಪ್ರಮಾಣಪತ್ರ ಕೊಡಬಾರದು.

ನನಗೆ ಇದರಲ್ಲಿ ಸ್ವಾರ್ಥವೂ ಇದೆ. ನಾನು ಇಂಡಿ ತಾಲ್ಲೂಕಿನವನು, ಭೀಮಾ ತೀರದವನು. ಮುಳಾ-ಮುಠಾ ಮುಂದೆ ಭೀಮೆಯನ್ನು ಸೇರುತ್ತದೆ, ಭೀಮೆ ಉಜನಿ ಅಣೆಕಟ್ಟೆ ದಾಟಿ ನಮ್ಮ ಕಡೆ ಬರುತ್ತದೆ, ಗಾಣಗಾಪುರದ ಸಂಗಮದಲ್ಲಿ ಜನ ಅದರಲ್ಲೇ ಮುಳುಗಿ ಏಳುತ್ತಾರೆ. ಪುಣೆಯ ಸೇತುವೆಯ ಮೇಲಿಂದ ನಿರ್ಮಾಲ್ಯವನ್ನು ಪ್ಲಾಸ್ಟಿಕ್ ಚೀಲದ ಸಮೇತ ಎಸೆಯುವ ನಮ್ಮೂರ ಜನರಿಗೆ ಇದು ನೆನಪಾಗದಿರುವುದು ನನಗೆ ಸೋಜಿಗ.

ಮುತುವರ್ಜಿ ಎಂದರೆ ಏನೆಂದು ನಾನು ಕಂಡದ್ದು ಮಳೆಗಾಲದಲ್ಲಿ, ಮೇವು ಕೊಯ್ಯುವ ಹೆಂಗಸೊಬ್ಬರಿಂದ. ಚುಕ್ಕೆ ಕೊಕ್ಕಿನ ಬಾತು ವಲಸೆಯದಲ್ಲ, ವರ್ಷವಿಡೀ ಇಲ್ಲಿನದೇ. ಕಪ್ಪು ಕೊಕ್ಕಿನ ತುದಿಗೆ ಹಳದಿ, ಬುಡದಲ್ಲಿ ಎರಡು ಕೆಂಪು ಬೊಟ್ಟು. ಮಳೆ ಹಿಡಿದ ಮೇಲೆ ನೀರಿನ ಬದಿಯ ಎತ್ತರದ ಹುಲ್ಲಿನಲ್ಲಿ ನೆಲದ ಮೇಲೆಯೇ ಗೂಡು ಮಾಡಿ, ತನ್ನ ಎದೆಯ ತುಪ್ಪಳ ಹಾಸಿ ಮೊಟ್ಟೆ ಇಡುತ್ತದೆ. ಆ ಮಾವಶಿ ದಡದುದ್ದಕ್ಕೂ ಹುಲ್ಲು ಕೊಯ್ದುಕೊಂಡು ಬಂದವರು ಒಂದು ಕಡೆ ಚಾಪೆಯಗಲದಷ್ಟು ಹುಲ್ಲನ್ನು ಹಾಗೆಯೇ ಬಿಟ್ಟು ಬಳಸಿ ಹೋದರು. ಏಕೆಂದು ಕೇಳಿದೆ. "ಒಳಗೆ ಬಾಣಂತಿ ಇದ್ದಾಳೆ" ಎಂದರು ಮರಾಠಿಯಲ್ಲಿ, ಕುಡುಗೋಲು ನಿಲ್ಲಿಸದೆ. ನಾನು ಇಣುಕಲು ಹೋದರೆ ಗದರಿದರು: "ನೀವು ತುಳಿದ ದಾರಿಯಲ್ಲೇ ನಾಯಿ ಬರುತ್ತದೆ." ಗೂಡಿನ ಕ್ಲೋಸ್-ಅಪ್ ತೆಗೆಯಲು ಹುಲ್ಲು ಬಗೆಯುವ ಛಾಯಾಗ್ರಾಹಕರಿಗೆ ಈ ಮಾವಶಿಯ ಬಳಿ ಒಂದು ದಿನ ಪಾಠವಾಗಬೇಕು.

ಈಗ ನದಿ ತೀರ ಅಭಿವೃದ್ಧಿಯ ವಿಷಯ. ಮಹಾನಗರ ಪಾಲಿಕೆ ಮುಳಾ, ಮುಠಾ, ಮುಳಾ-ಮುಠಾ ಸೇರಿ ಸುಮಾರು 44 ಕಿಲೋಮೀಟರ್ ಉದ್ದಕ್ಕೂ ದಂಡೆ ಕಟ್ಟಿ, ಕಾಲುದಾರಿ, ಉದ್ಯಾನ ಮಾಡುವ ಯೋಜನೆ ಕೈಗೊಂಡಿದೆ. 2023ರ ಏಪ್ರಿಲ್‌ನಲ್ಲಿ ಮರಗಳನ್ನು ಕಡಿಯಬಾರದೆಂದು ಜನ ಬೀದಿಗಿಳಿದದ್ದು ನೆನಪಿರಬಹುದು. ಯೋಜನೆ ಬೇಕು ಎನ್ನುವವರ ಮಾತಿನಲ್ಲಿಯೂ ಹುರುಳಿದೆ. ಈ ಊರು ನದಿಗೆ ಬೆನ್ನು ಮಾಡಿ ಕೂತು ಎಷ್ಟೋ ಕಾಲವಾಯಿತು, ದಡಕ್ಕೆ ಇಳಿದರೆ ಮೂಗು ಮುಚ್ಚಬೇಕು, ಸಂಜೆಯಾದರೆ ಸೊಳ್ಳೆ. ಆದರೆ ಬಾತು ಹೇಗೆ ತಿನ್ನುತ್ತದೆ ಎಂದು ಒಮ್ಮೆ ನೋಡಿ. ಈ ಬಾತುಗಳು ಮುಳುಗುಹಾಕಿ ಬೇಟೆಯಾಡುವ ಜಾತಿಯವಲ್ಲ. ಬಾಲ ಮೇಲೆ ಮಾಡಿ, ಕತ್ತು ನೀಡಿದಷ್ಟು ಆಳಕ್ಕೆ ಮಾತ್ರ ಅವುಗಳಿಗೆ ಊಟ. ಇಳಿಜಾರಾದ ಕೆಸರಿನ ದಡ, ಮೊಣಕಾಲು ಮುಟ್ಟದ ನೀರು, ಪಕ್ಕದಲ್ಲಿ ಹುಲ್ಲು ಬೇಕು. ದಡವನ್ನು ಕಲ್ಲು ಕಾಂಕ್ರೀಟಿನಲ್ಲಿ ನೇರಗೊಳಿಸಿ ನೀರನ್ನು ಆಳವಾಗಿ ನಿಲ್ಲಿಸಿದರೆ, ಅದು ಕನ್ನಡಿಯಂತೆ ಹೊಳೆದರೂ ಬಾತಿನ ಪಾಲಿಗೆ ಖಾಲಿ ತಟ್ಟೆ. ಮೊದಲು ಚರಂಡಿ ನೀರು ಶುದ್ಧವಾಗಲಿ, ದಂಡೆಯ ಅಲಂಕಾರ ಆಮೇಲೆ ನೋಡೋಣ ಎನ್ನುವುದು ನನ್ನ ಪಟ್ಟು.

ಯೆರವಡಾ ಬಳಿ ಇದೇ ನದಿಯ ದಡದಲ್ಲಿ ಪಕ್ಷಿತಜ್ಞ ಡಾ. ಸಲೀಂ ಅಲಿ ಅವರ ಹೆಸರಿನ ಪಕ್ಷಿಧಾಮವಿದೆ. ಕನ್ನಡಿಗರಾದ ನಮಗೆ ಆ ಹೆಸರಿನ ಋಣವಿದೆ: ಅವರ ಮಾತಿಗೆ ಒಪ್ಪಿ ಮೈಸೂರು ಅರಸರು 1940ರಲ್ಲಿ ರಂಗನತಿಟ್ಟನ್ನು ಪಕ್ಷಿಧಾಮವೆಂದು ಘೋಷಿಸಿದರು. ಅಲ್ಲಿ ಘೋಷಣೆಯಾಯಿತು, ಕಾವಲು ಬಂತು, ಹಕ್ಕಿ ಉಳಿಯಿತು. ಯೆರವಡಾದಲ್ಲಿ ಹೆಸರು ಮಾತ್ರ ದೊಡ್ಡದು, ವನ್ಯಜೀವಿ ಕಾನೂನಿನ ಅಡಿಯ ಘೋಷಣೆಯಿಲ್ಲ.

ಸಂಕ್ರಾಂತಿಯಲ್ಲಿ ಗಾಳಿಪಟಕ್ಕೆ ಕಟ್ಟುವ, ಹಕ್ಕಿಗಳನ್ನು ಗಾಯಗೊಳಿಸುವ ನೈಲಾನ್ ಮಾಂಜಾ ದಾರದ ಬಗ್ಗೆ ಒಂದೇ ಮಾತು: 2017ರಲ್ಲೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು ದೇಶದಾದ್ಯಂತ ನಿಷೇಧಿಸಿದೆ, ಮಕ್ಕಳಿಗೆ ಕೊಡಿಸಬೇಡಿ. ಗಾಯಗೊಂಡ ಹಕ್ಕಿ ಕಂಡರೆ ಮನೆಗೆ ತಂದು ಹಾಲು ಕುಡಿಸುವ ಸಾಹಸ ಬೇಡ, ಅರಣ್ಯ ಇಲಾಖೆಯ 1926ಕ್ಕೆ ಕರೆ ಮಾಡಿ. ಒಂದೇ ಕಡೆ ಹಲವು ಬಾತುಗಳು ಸತ್ತು ಬಿದ್ದಿದ್ದರೆ ಮುಟ್ಟದೆ ಕೂಡಲೇ ತಿಳಿಸಿ. 2019ರ ನವೆಂಬರಿನಲ್ಲಿ ರಾಜಸ್ಥಾನದ ಸಾಂಭರ್ ಸರೋವರದಲ್ಲಿ ಬಾಟ್ಯುಲಿಸಂ ಎಂಬ ಬ್ಯಾಕ್ಟೀರಿಯಾದ ವಿಷದಿಂದ 18 ಸಾವಿರಕ್ಕೂ ಹೆಚ್ಚು ಹಕ್ಕಿಗಳು ಸತ್ತವು. ಸತ್ತ ಹಕ್ಕಿಯ ದೇಹದಲ್ಲಿ ಹುಟ್ಟಿದ ಹುಳುಗಳಲ್ಲಿ ವಿಷ ಸೇರಿರುತ್ತದೆ, ಅವನ್ನು ತಿಂದ ಹಕ್ಕಿಯೂ ಸಾಯುತ್ತದೆ. ಹೆಣಗಳನ್ನು ಬೇಗ ತೆಗೆಸದಿದ್ದರೆ ಈ ಸರಪಳಿ ಕಡಿಯುವುದಿಲ್ಲ.

ಕೈ ಸುಮ್ಮನಿರುವುದಿಲ್ಲ ಎನ್ನುವವರಿಗೆ ಕೆಲಸವಿದೆ. ಏಷ್ಯಾದ ನೀರುಹಕ್ಕಿಗಳ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ. ಎಣಿಸುವುದು ಕಷ್ಟವಲ್ಲ: ಗುಂಪಿನಲ್ಲಿ ಮೊದಲು ಹತ್ತು ಹಕ್ಕಿಗಳನ್ನು ಸರಿಯಾಗಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿದಿವೆ ಎಂದು ಕಣ್ಣಿನಲ್ಲೇ ಅಳೆದುಕೊಂಡು, ಅದೇ ಅಳತೆಯಲ್ಲಿ ಉಳಿದ ಗುಂಪನ್ನು ದಾಟಿಸುತ್ತಾ ಹೋಗುವುದು. ಅವು ಹಾರಿಬಿಟ್ಟರೆ ಬೈದುಕೊಳ್ಳದೆ ಮತ್ತೆ ಶುರು ಮಾಡಬೇಕು, ಅಷ್ಟೆ. ವಿಡಿಯೊ ಹಾಕಿದ ಕಾಕಾ ಈಗಾಗಲೇ ಗಣತಿಗೆ ಬರುವುದಾಗಿ ಒಪ್ಪಿದ್ದಾರೆ, ಆದರೆ ಬ್ರೆಡ್ಡಿನ ವಿಷಯದಲ್ಲಿ ಅವರ ವಾದ ಇನ್ನೂ ಮುಗಿದಿಲ್ಲವಂತೆ. ಬರುವವರು ಕಾಮೆಂಟಿನಲ್ಲಿ ಹೆಸರು ಹಾಕಿ. ಬೈನಾಕ್ಯುಲರ್ ಇಲ್ಲದಿದ್ದರೂ ನಡೆಯುತ್ತದೆ, ಒಂದನ್ನು ಇಬ್ಬರು ಹಂಚಿಕೊಳ್ಳಬಹುದು. ಕಡುಬಣ್ಣದ ಅಂಗಿ ಬೇಡ, ಬ್ಲೂಟೂತ್ ಸ್ಪೀಕರ್ ಬೇಡ. ಡ್ರೋನ್ ತರುವವರು ದಯವಿಟ್ಟು ಬೇರೆ ಗುಂಪು ನೋಡಿಕೊಳ್ಳಿ.